ಪ್ರತಿಕ್ರಿಯೆ: ಕಾರಾಗೃಹ ಬದಲಾದ ಮೇಲೆ ತಮ್ಮನ ಪ್ರೌಢಶಾಲೆಯ ಓದು

ವರ್ಗಾವಣೆಯಾದ ಮೇಲೆ ಹದಿನೇಳರ ನಿಮ್ಮ ತಮ್ಮನಿಗೆ ಹೊಸ ಕಾರಾಗೃಹದವರು ಮೊದಲಿನಿಂದ ಓದಬೇಕೆಂದು ಹೇಳುತ್ತಿರುವುದಕ್ಕೆ ಬಹುಮಟ್ಟಿಗೆ ಕಾರಣ, ಅವನ ಕಲಿಕೆಯ ದಾಖಲೆಗಳು ಅವನ ಜೊತೆ ಬಾರದಿರುವುದು. ಕೈದಿಯ ಕಡತ ಸಾಗುವ ದಾರಿ ಬೇರೆ, ವಿದ್ಯಾರ್ಥಿಯ ಕಡತದ್ದು ಬೇರೆ. ಹಳೆಯ ಕಡೆಯ ತರಗತಿಗಳು ಯಾವ ಪರೀಕ್ಷಾ ಮಂಡಳಿಯಲ್ಲೂ ನೋಂದಣಿಯಾಗಿರಲಿಲ್ಲವೆಂಬ ಸಾಧ್ಯತೆಯೂ ಇದೆ. ನಿಮ್ಮ ಬರಹದಿಂದ ಅದು ತಿಳಿಯದ ಕಾರಣ ಮೊದಲು ಅದನ್ನೇ ವಿಚಾರಿಸಿ.

ನಂತರ ತಮ್ಮನ ಮತ್ತು ಪೋಷಕರ ಸಹಿಯುಳ್ಳ ಒಪ್ಪಿಗೆ ಪತ್ರದೊಂದಿಗೆ, ಹಳೆಯ ಕಾರಾಗೃಹದ ಶಿಕ್ಷಣ ವಿಭಾಗಕ್ಕೂ ಅವನು ಹೊರಗೆ ಕೊನೆಯದಾಗಿ ಓದಿದ ಶಾಲೆಗೂ ಬರೆದು, ನೋಂದಣಿ ಸಂಖ್ಯೆ, ಅಂಕಪಟ್ಟಿ ಮತ್ತು ಮುಗಿಸಿದ ವಿಷಯಗಳ ವಿವರವನ್ನು ಕೇಳಿ. ಫೋನಿನಲ್ಲಿ ಸಿಕ್ಕ ಉತ್ತರಕ್ಕೆ ಆಮೇಲೆ ಯಾರೂ ಹೊಣೆಯಾಗುವುದಿಲ್ಲ, ಆದ್ದರಿಂದ ಎಲ್ಲವೂ ಲಿಖಿತವಾಗಿರಲಿ. ಅವು ಕೈಸೇರಿದೊಡನೆ ಪ್ರತಿಗಳನ್ನು ಹೊಸ ಕಾರಾಗೃಹದ ಮುಖ್ಯಸ್ಥರಿಗೂ ಪರೀಕ್ಷಾ ಮಂಡಳಿಗೂ ಒಟ್ಟಿಗೇ ಕಳುಹಿಸಿ, ಪರೀಕ್ಷಾ ಕೇಂದ್ರದ ಬದಲಾವಣೆಯನ್ನು ಕೋರಬೇಕು.

ಅರ್ಜಿಯಲ್ಲಿ ವಿಶ್ವಸಂಸ್ಥೆಯು 2015ರಲ್ಲಿ ಅಂಗೀಕರಿಸಿದ, ಕೈದಿಗಳನ್ನು ನಡೆಸಿಕೊಳ್ಳುವ ಕುರಿತ ನೆಲ್ಸನ್ ಮಂಡೇಲಾ ನಿಯಮಾವಳಿಯ 104ನೇ ನಿಯಮವನ್ನು ಉಲ್ಲೇಖಿಸಿ: ಬಿಡುಗಡೆಯ ನಂತರ ಓದನ್ನು ತೊಡಕಿಲ್ಲದೆ ಮುಂದುವರಿಸಲು ಸಾಧ್ಯವಾಗುವಂತೆ ಕಾರಾಗೃಹದ ಶಿಕ್ಷಣವು ಆದಷ್ಟು ಮಟ್ಟಿಗೆ ದೇಶದ ಶಿಕ್ಷಣ ವ್ಯವಸ್ಥೆಯೊಂದಿಗೆ ಬೆಸೆದುಕೊಂಡಿರಬೇಕು ಎಂದು ಅದು ಹೇಳುತ್ತದೆ. ಅದು ತಾನಾಗಿಯೇ ಕಾನೂನಾಗದು, ಆದರೆ ಅಧಿಕಾರಿಗಳು ಅದನ್ನು ಸುಲಭವಾಗಿ ತಳ್ಳಿಹಾಕಲಾರರು. ಅವನಿಗೆ ಇನ್ನೂ ಹದಿನೆಂಟು ತುಂಬಿಲ್ಲವಾದ್ದರಿಂದ, ಬಂಧನದಲ್ಲಿರುವ ಬಾಲಕರ ಕುರಿತ ವಿಶ್ವಸಂಸ್ಥೆಯ 1990ರ ನಿಯಮಾವಳಿಯಂತೆ ಪ್ರಮಾಣಪತ್ರದಲ್ಲಿ ಬಂಧನದ ಸುಳಿವು ಇರಕೂಡದೆಂಬುದನ್ನೂ ಈಗಲೇ ಸೇರಿಸಿಬಿಡಿ. ಮುದ್ರಣವಾದ ಮೇಲೆ ತಿದ್ದಿಸುವುದು ಬಲು ಕಷ್ಟ. ಉತ್ತರ ಬಾರದಿದ್ದರೆ ಇದೇ ಪತ್ರಗಳನ್ನು ಅವನ ವಕೀಲರ ಮೂಲಕ ನ್ಯಾಯಾಲಯದ ಮುಂದಿಡಿ.