ಹಂಚಿನ ಮನೆಗೆ ಹೋಂ ಥಿಯೇಟರ್: ಯಾವ ರಿಸೀವರ್, ಹೇಗೆ ಕೂರಿಸೋದು

ಅಣ್ಣ, ನಿಮ್ಮ ಪ್ರಶ್ನೆ ರಾತ್ರಿ ನೋಡಿದೆ, ಸಮಾಧಾನವಾಗಿ ಬರೆಯೋಣ ಅಂತ ಬೆಳಿಗ್ಗೆವರೆಗೆ ಕಾದೆ. ಸಕಲೇಶಪುರದ ಹತ್ತಿರ ತೋಟದ ಮನೆ, ಹಾಲ್ 14 ಅಡಿಗೆ 18 ಅಡಿ, ಮೇಲೆ ಮಂಗಳೂರು ಹಂಚು, ಕೆಳಗೆ ರೆಡ್ ಆಕ್ಸೈಡ್ ನೆಲ, 55 ಇಂಚಿನ ಟಿವಿ ಆಗಲೇ ಇದೆ, ಎಲ್ಲ ಸೇರಿ ಒಂದು ಲಕ್ಷ ದಾಟಬಾರದು. ಅಂಗಡಿಯವರು 7.2 ಅಟ್ಮಾಸ್ ರಿಸೀವರ್ (ಟಿವಿಯ ಸದ್ದು ತಗೊಂಡು ಎಲ್ಲ ಸ್ಪೀಕರ್‌ಗೂ ಹಂಚೋ ಆಂಪ್ಲಿಫೈಯರ್ ಪೆಟ್ಟಿಗೆ) ತಗೊಳ್ಳಿ ಅಂದಿದ್ದಾರೆ, ತಗೊಳ್ಳಲಾ ಅಂತ ಕೇಳಿದ್ದೀರಿ.

ನಿಮ್ಮ ಮನೆಗೆ ಬೇಡ. ಒಳ್ಳೆಯ 5.1 ರಿಸೀವರ್ (ಐದು ಸ್ಪೀಕರ್, ಒಂದು ಸಬ್‌ವೂಫರ್ ಓಡಿಸೋದು) ತಗೊಂಡು, ಉಳಿದ ದುಡ್ಡನ್ನು ಸ್ಪೀಕರ್‌ಗೆ, ಅದರಲ್ಲೂ ಮಾತು ಬರೋ ನಡುವಿನ ಸೆಂಟರ್ ಸ್ಪೀಕರ್‌ಗೆ ಮತ್ತು ಬಾಸ್ ಕೊಡೋ ಸಬ್‌ವೂಫರ್‌ಗೆ ಹಾಕಿ. ಯಾಕೆ ಅಂತ ಹೇಳ್ತೀನಿ.

ಅಟ್ಮಾಸ್‌ನ ವಿಶೇಷ ಇರೋದೇ ತಲೆ ಮೇಲಿಂದ ಬರೋ ಸದ್ದಿನಲ್ಲಿ. ಅದಕ್ಕೆ ಸೀಲಿಂಗ್‌ನಲ್ಲಿ ಸ್ಪೀಕರ್ ಕೂರಿಸಬೇಕು, ಇಲ್ಲ ಅಂದರೆ ಮುಂದಿನ ಸ್ಪೀಕರ್ ಮೇಲೆ ಮೇಲ್ಮುಖವಾಗಿ ಇನ್ನೊಂದು ಇಟ್ಟು, ಸದ್ದು ಸೀಲಿಂಗಿಗೆ ಬಡಿದು ನಿಮ್ಮ ಮೇಲೆ ಬೀಳೋ ಹಾಗೆ ಮಾಡಬೇಕು. ಈ ಎರಡನೇ ಉಪಾಯಕ್ಕೆ ಸೀಲಿಂಗ್ ಗಟ್ಟಿ ಇರಬೇಕು, ಸಮತಟ್ಟಾಗಿರಬೇಕು, ತುಂಬಾ ಎತ್ತರವೂ ಇರಬಾರದು. ನಿಮ್ಮದು ಎರಡು ಕಡೆ ಇಳಿಜಾರಿರೋ ಹಂಚಿನ ಮಾಡು. ಬಡಿದ ಸದ್ದು ಸೋಫಾ ಬಿಟ್ಟು ಬೇರೆಲ್ಲೋ ಹೋಗುತ್ತೆ. ರೀಪು, ಪಕಾಸಿಗೆ ಸ್ಪೀಕರ್ ನೇತು ಹಾಕಬಹುದು, ಆದರೆ ಮೇಲಿನ ಧೂಳು, ಮಳೆಗಾಲದ ತೇವ, ಇಲಿ ಇವುಗಳ ಜೊತೆ ಅದು ಎಷ್ಟು ದಿನ ಬಾಳುತ್ತೆ ಹೇಳಿ. ಜುಲೈಯಲ್ಲಿ ಹಂಚಿನ ಮೇಲೆ ಮಳೆ ಹೊಯ್ಯೋ ಸದ್ದಿಗೆ ಸಿನಿಮಾದೊಳಗಿನ ಸಣ್ಣ ಸದ್ದುಗಳು ಹೇಗೂ ಮುಳುಗಿ ಹೋಗ್ತವೆ. ಅಟ್ಮಾಸ್‌ನಲ್ಲಿ ಬಂದ ಸಿನಿಮಾ 5.1 ರಿಸೀವರ್‌ನಲ್ಲಿ ಓಡಲ್ಲ ಅನ್ನೋ ಭಯ ಬೇಡ. ಅದೇ ಸದ್ದು 5.1 ಆಗಿ ಬರುತ್ತೆ, ಯಾವ ಮಾತೂ ತಪ್ಪಿ ಹೋಗಲ್ಲ.

ಟಿವಿ ಕೆಳಗೆ ಇಡೋ ಒಂದೇ ಉದ್ದದ ಸ್ಪೀಕರ್, ಅಂದರೆ ಸೌಂಡ್‌ಬಾರ್ ಸಾಕು ಅಂತ ನಿಮ್ಮ ಪ್ರಶ್ನೆಗೆ ಮೂರ್ನಾಲ್ಕು ಜನ ಬರೆದಿದ್ದಾರೆ. 10 ಅಡಿ ರೂಮಿಗೆ ನಾನೂ ಅದನ್ನೇ ಹೇಳ್ತಿದ್ದೆ. ನಿಮ್ಮ ಹಾಲ್ ದೊಡ್ಡದು, ಮಾಡು ಎತ್ತರ, ಸದ್ದು ತುಂಬಬೇಕಾದ ಜಾಗ ಜಾಸ್ತಿ. ಅಲ್ಲದೆ ರಿಸೀವರ್ ಆದರೆ ಮುಂದೆ ಒಂದು ಸ್ಪೀಕರ್ ಕೆಟ್ಟರೆ ಅದೊಂದನ್ನೇ ಬದಲಾಯಿಸಬಹುದು.

ಈಗ ವ್ಯಾಟ್ ವಿಷಯ. ಡಬ್ಬದ ಮೇಲೆ 1000 ವ್ಯಾಟ್ ಅಂತ ಬರೆದಿರೋದನ್ನ ನೋಡಿ ತಗೋಬೇಡಿ. ಸ್ಪೆಸಿಫಿಕೇಶನ್ ಪಟ್ಟಿಯಲ್ಲಿ '8 ಓಮ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್, ಎರಡು ಚಾನೆಲ್ ಓಡುವಾಗ' ಅಂತ ಇರೋ ಸಾಲು ಹುಡುಕಿ. '6 ಓಮ್, 1 ಕಿಲೋಹರ್ಟ್ಸ್, ಒಂದು ಚಾನೆಲ್, 10% ಡಿಸ್ಟಾರ್ಶನ್' ಅಂತ ಇದ್ದರೆ ಆ ಅಂಕಿ ಉಬ್ಬಿಸಿದ್ದು. ಲೆಕ್ಕ ನೋಡಿ: 88 ಡಿಬಿ ಸೆನ್ಸಿಟಿವಿಟಿಯ ಸ್ಪೀಕರ್ ಅಂದರೆ 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ 88 ಡಿಬಿ ಸದ್ದು. ನೀವು 3 ಮೀಟರ್ ದೂರ ಕೂತರೆ ಅದರಲ್ಲಿ 9-10 ಡಿಬಿ ಕಡಿಮೆ. ವ್ಯಾಟ್ ಎರಡರಷ್ಟು ಮಾಡಿದರೆ ಜಾಸ್ತಿ ಆಗೋದು ಬರೀ 3 ಡಿಬಿ. 80 ವ್ಯಾಟಿನ ರಿಸೀವರ್‌ಗೂ 100 ವ್ಯಾಟಿನದಕ್ಕೂ ಇರೋ ವ್ಯತ್ಯಾಸ 1 ಡಿಬಿ, ಕಿವಿಗೆ ಗೊತ್ತೇ ಆಗಲ್ಲ. 85ರ ಬದಲು 90 ಡಿಬಿಯ ಸ್ಪೀಕರ್ ತಂದರೆ ರಿಸೀವರ್ ವ್ಯಾಟ್ ಮೂರು ಪಟ್ಟು ಮಾಡಿದಷ್ಟು ಲಾಭ. ಅದಕ್ಕೇ ಲಕ್ಷದಲ್ಲಿ ಮೂರರಲ್ಲಿ ಒಂದು ಪಾಲು ರಿಸೀವರ್‌ಗೆ, ಎರಡು ಪಾಲು ಸ್ಪೀಕರ್ ಮತ್ತು ಸಬ್‌ಗೆ ಇಡಿ ಅಂತ ನನ್ನ ಸಲಹೆ. ಮುಂದಿನ ಮೂರೂ ಸ್ಪೀಕರ್ ಒಂದೇ ಕಂಪನಿಯ ಒಂದೇ ಸೀರೀಸ್ ಆಗಿರಲಿ, ಇಲ್ಲದಿದ್ದರೆ ಕಾರು ಎಡದಿಂದ ಬಲಕ್ಕೆ ಹೋಗುವಾಗ ನಡುವೆ ಅದರ ದನಿಯೇ ಬದಲಾಗುತ್ತೆ.

ಡೆನನ್, ಯಮಾಹಾ, ಸೋನಿ, ಆಂಕ್ಯೋ, ಯಾವುದಾದರೂ ನಡೆಯುತ್ತೆ. ನೋಡಬೇಕಾದ್ದು ಬೇರೆ. ಮೈಕ್ ಇಟ್ಟು ರೂಮಿನ ಸದ್ದು ಅಳೆದು ಸ್ಪೀಕರ್‌ಗಳನ್ನ ತಾನೇ ಹೊಂದಿಸೋ ವ್ಯವಸ್ಥೆ ಇರಲೇಬೇಕು. ಡೆನನ್‌ನಲ್ಲಿ ಅದಕ್ಕೆ ಆಡಿಸಿ ಅಂತಾರೆ, ಯಮಾಹಾದಲ್ಲಿ ವೈಪಾವೊ. ಎಚ್‌ಡಿಎಂಐ ಎಆರ್‌ಸಿ, ಅಂದರೆ ಟಿವಿಯ ಸದ್ದನ್ನ ಅದೇ ಎಚ್‌ಡಿಎಂಐ ಕೇಬಲ್‌ನಲ್ಲಿ ರಿಸೀವರ್‌ಗೆ ಕಳಿಸೋ ಅನುಕೂಲ, ಇರಬೇಕು. ಅದರ ಸುಧಾರಿತ ರೂಪ ಇಎಆರ್‌ಸಿ ಇದ್ದರೆ ಒಳ್ಳೆಯದು, ಆದರೆ ನೀವು ನೋಡೋದು ಟಿವಿಯೊಳಗಿನ ಓಟಿಟಿ ಆ್ಯಪ್‌ಗಳು ಅಂದಿದ್ದೀರಿ. ಅವು ಕಳಿಸೋ ಡಾಲ್ಬಿ ಡಿಜಿಟಲ್ ಪ್ಲಸ್ ಮಾಮೂಲಿ ಎಆರ್‌ಸಿಯಲ್ಲೇ ಬರುತ್ತೆ. ಬ್ಲೂ-ರೇ ಪ್ಲೇಯರ್ ತಂದರೂ ನೇರ ರಿಸೀವರ್‌ಗೆ ಹಾಕಿದರಾಯ್ತು. ಸರ್ವಿಸ್ ಸೆಂಟರ್ ಎಲ್ಲಿದೆ ಅಂತ ಕೊಳ್ಳೋಕೆ ಮುಂಚೆಯೇ ಕೇಳಿ, ಡಬ್ಬ ಮತ್ತು ಥರ್ಮೋಕೋಲ್ ಅಟ್ಟದ ಮೇಲೆ ಎತ್ತಿಡಿ.

ಸೆಕೆಂಡ್ ಹ್ಯಾಂಡ್ ತಗೊಂಡರೆ ಮೈಕ್ ಜೊತೆಗೇ ಕೊಡ್ತಾರಾ ಕೇಳಿ, ಒಂದು ಮಾಡೆಲ್ಲಿನ ಮೈಕ್ ಎಲ್ಲ ಮಾಡೆಲ್ಲಿಗೂ ಸರಿಹೋಗಲ್ಲ. ವಿದೇಶದಿಂದ ತಂದದ್ದಾದರೆ ಹಿಂದುಗಡೆ ವೋಲ್ಟೇಜ್ ಓದಿ. ನಮ್ಮ ಭಾವ ಅಮೆರಿಕದಿಂದ ತಂದ ರಿಸೀವರ್ 120 ವೋಲ್ಟಿನದು. ಖುಷಿಯಲ್ಲಿ ಯಾರೂ ನೋಡಲಿಲ್ಲ, ನೇರ ಪ್ಲಗ್ಗಿಗೆ ಹಾಕಿದೆವು. ಒಂದು ಸಲ ಟಪ್ ಅಂತು, ಸುಟ್ಟ ವಾಸನೆ ಬಂತು, ಅಷ್ಟೇ. ಆ ದಿನ ಭಾವನ ಮುಖ ನೋಡೋಕೆ ಆಗಲಿಲ್ಲ.

ಕೂರಿಸೋ ಕೆಲಸಕ್ಕೆ ಬರೋಣ, ಅರ್ಧ ಸದ್ದು ಇಲ್ಲೇ ಇರೋದು. ನಿಮ್ಮ ಫೋಟೋದಲ್ಲಿ ಸೋಫಾ ಹಿಂದಿನ ಗೋಡೆಗೆ ಒರಗಿದೆ. ಅದನ್ನ ಮುಂದಕ್ಕೆ ಎಳೆದು ಟಿವಿಯಿಂದ 10 ಅಡಿಗೆ ತನ್ನಿ. ಎಡ ಬಲದ ಸ್ಪೀಕರ್‌ಗಳ ನಡುವೆ 9 ಅಡಿ ಇರಲಿ, ಎರಡೂ ಸ್ವಲ್ಪ ಸೋಫಾ ಕಡೆಗೆ ತಿರುಗಿರಲಿ. ಟ್ವೀಟರ್ (ಪೆಟ್ಟಿಗೆಯಲ್ಲಿ ತೀಕ್ಷ್ಣ ಸದ್ದು ಕೊಡೋ ಸಣ್ಣ ಭಾಗ) ಕೂತವರ ಕಿವಿ ಮಟ್ಟಕ್ಕೆ ಬರಬೇಕು, ನೆಲದಿಂದ ಮೂರಡಿ ಮೇಲೆ ಸ್ವಲ್ಪ. ಸೆಂಟರ್ ಸ್ಪೀಕರ್‌ನ ಶೋಕೇಸ್ ಗೂಡಿನೊಳಗೆ ತಳ್ಳಬೇಡಿ, ಮಾತು ಮಡಕೆಯೊಳಗಿಂದ ಬಂದ ಹಾಗೆ ಕೇಳುತ್ತೆ. ಹಲಗೆಯ ಅಂಚಿಗೆ ತಂದು, ಮುಂಭಾಗದ ಕೆಳಗೆ ಒಂದು ಮರದ ಚೂರು ಕೊಟ್ಟು ಮೂತಿ ಕಿವಿ ಕಡೆಗೆ ಎತ್ತಿ. ಸಿನಿಮಾದಲ್ಲಿ ಮಾತೇ ಕೇಳಲ್ಲ ಅನ್ನೋರಲ್ಲಿ ಬಹಳ ಜನರ ತೊಂದರೆ ಇಷ್ಟರಲ್ಲೇ ಹೋಗುತ್ತೆ. ಹಿಂದಿನ ಸರೌಂಡ್ ಸ್ಪೀಕರ್ ಎರಡೂ ಪಕ್ಕದ ಗೋಡೆಗೆ, ಕೂತ ಜಾಗಕ್ಕಿಂತ ತುಸು ಹಿಂದಕ್ಕೆ, ಕಿವಿಗಿಂತ ಒಂದೆರಡು ಅಡಿ ಮೇಲೆ.

ಸಬ್‌ವೂಫರ್‌ಗೆ ಜಾಗ ಹುಡುಕೋ ರೀತಿ ವಿಚಿತ್ರ ಅನ್ನಿಸುತ್ತೆ, ಆದರೆ ತಪ್ಪದೆ ಮಾಡಿ. ಸಬ್‌ನ ಎತ್ತಿ ಸೋಫಾ ಮೇಲೆ, ನೀವು ಕೂರೋ ಜಾಗದಲ್ಲೇ ಇಡಿ. ತಬಲದ ಎಡ, ಡೊಳ್ಳು ಅಥವಾ ಬಾಸ್ ಗಿಟಾರ್ ಚೆನ್ನಾಗಿರೋ ಹಾಡು ಹಾಕಿ. ಆಮೇಲೆ ಮಂಡಿಯೂರಿ ಗೋಡೆ ಬದಿಯಲ್ಲೇ ನಿಧಾನ ಸಾಗಿ. ಒಂದು ಕಡೆ ಬರೀ ಗುಂಯ್ ಅನ್ನುತ್ತೆ, ಇನ್ನೊಂದು ಕಡೆ ಬಾಸೇ ಮಾಯ. ಎಲ್ಲಿ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ, ಒಂದೇ ಸಮನಾಗಿ ಕೇಳುತ್ತೋ ಅಲ್ಲಿ ಸಬ್ ಇಡಿ. ಮೂಲೆಯಲ್ಲಿ ಇಟ್ಟರೆ ಜೋರು ನಿಜ, ಆದರೆ ಗುಂಗಾಡುತ್ತೆ. ನನ್ನ ಅನುಭವದಲ್ಲಿ ಆರ್‌ಸಿಸಿ ಮನೆಗಿಂತ ಹಂಚಿನ ಮನೆಯಲ್ಲಿ ಈ ಗುಂಗು ಕಡಿಮೆ, ಅಷ್ಟು ನಿಮಗೆ ಅನುಕೂಲ. ಹಾಡು ನಡೀತಿರುವಾಗಲೇ ಶೋಕೇಸ್ ಗಾಜು, ಸ್ಟೀಲ್ ಡಬ್ಬ, ಕಿಟಕಿ ಚಿಲಕ ಒಂದೊಂದನ್ನೇ ಬೆರಳಿನಿಂದ ಒತ್ತಿ ನೋಡಿ. ನಮ್ಮ ಮನೆಯಲ್ಲಿ ಎರಡು ವಾರ ಸಬ್ ಹಾಳಾಗಿದೆ ಅಂದುಕೊಂಡಿದ್ದೆವು, ಕೊನೆಗೆ ನೋಡಿದರೆ ದೇವರ ಗೂಡಿನ ಮೇಲಿದ್ದ ಫೋಟೋದ ಕಟ್ಟು ನಡುಗುತ್ತಿತ್ತು.

ರೆಡ್ ಆಕ್ಸೈಡ್ ನೆಲ ಕಣ್ಣಿಗೆ ಚೆಂದ, ಕಿವಿಗೆ ಕಷ್ಟ. ಹಾಲ್ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ, ಟಣ್ ಅಂತ ಬಾಲ ಕೇಳಿದರೆ ಸೋಫಾ ಮುಂದೆ ದಪ್ಪ ಜಮಖಾನ ಹಾಸಿ, ಕಿಟಕಿಗೆ ಭಾರದ ಪರದೆ ಹಾಕಿ. ಇಷ್ಟು ಖರ್ಚಿಗೆ ಇಷ್ಟು ಫಲ ಕೊಡೋದು ಇನ್ನೊಂದಿಲ್ಲ.

ವೈರಿಗೆ ಜಾಸ್ತಿ ದುಡ್ಡು ಹಾಕಬೇಡಿ. ಮನೆ ವೈರಿಂಗಿಗೆ ಬಳಸೋ 1.5 ಚದರ ಮಿಲಿಮೀಟರ್ ತಾಮ್ರದ ಫ್ಲೆಕ್ಸಿಬಲ್ ವೈರ್ ಮುಂದಿನ ಮೂರಕ್ಕೆ ಸಾಕು, ಹಿಂದಿನ ಎರಡಕ್ಕೆ ಗೋಡೆ ಸುತ್ತಿ ದೂರ ಹೋಗೋದರಿಂದ 2.5 ಹಾಕಿ. ಸ್ಪೀಕರ್ ವೈರ್ ಅಂತ ಅಗ್ಗಕ್ಕೆ ಮಾರೋದರಲ್ಲಿ ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ್ದು ಬಹಳ. ಒಂದು ಎಳೆ ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬಿಳಿ ಕಂಡರೆ ವಾಪಸ್ ಕೊಡಿ. ಅಟ್ಟದ ಮೇಲೆ ಎಳೀಬೇಡಿ, ಇಲಿ ಕಡಿಯುತ್ತೆ. ಗೋಡೆ ಬುಡದಲ್ಲಿ ಪಿವಿಸಿ ಕೇಸಿಂಗ್ ಪಟ್ಟಿ ಹೊಡೆಸಿ, ಕರೆಂಟ್ ವೈರಿನ ಜೊತೆ ಒಂದೇ ಪಟ್ಟಿಯಲ್ಲಿ ಹಾಕಬೇಡಿ. ತುದಿ ಸುಲಿದ ಮೇಲೆ ಎಳೆಗಳನ್ನ ಬಿಗಿಯಾಗಿ ತಿರುಚಿ. ಒಂದು ಕೂದಲಿನಷ್ಟು ಎಳೆ ಪಕ್ಕದ ಟರ್ಮಿನಲ್‌ಗೆ ತಾಗಿದರೂ ರಿಸೀವರ್ ಪ್ರೊಟೆಕ್ಟ್ ಅಂತ ತೋರಿಸಿ ಆಫ್ ಆಗುತ್ತೆ. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ. ಯಾವುದು ಯಾವುದು ಅಂತ ಅನುಮಾನ ಬಂದರೆ ರಿಸೀವರ್ ಕಡೆಯ ತುದಿ ಬಿಚ್ಚಿ, ಗಡಿಯಾರದ 1.5 ವೋಲ್ಟ್ ಸೆಲ್ಲಿಗೆ ಕ್ಷಣಮಾತ್ರ ತಾಗಿಸಿ. ಪ್ಲಸ್ ಕೆಂಪಿಗೆ ಸೇರಿದ್ದರೆ ವೂಫರ್ ಕೋನ್ ಹೊರಕ್ಕೆ ಉಬ್ಬುತ್ತೆ.

ಟಿವಿಯಲ್ಲಿ ಎಆರ್‌ಸಿ ಅಂತ ಬರೆದಿರೋ ಒಂದೇ ಎಚ್‌ಡಿಎಂಐ ಪೋರ್ಟ್ ಇರುತ್ತೆ, ಅದಕ್ಕೇ ಹಾಕಬೇಕು. ಎರಡೂ ಕಡೆ ಸಿಇಸಿ (ಟಿವಿ, ರಿಸೀವರ್ ಒಂದಕ್ಕೊಂದು ಆದೇಶ ಕಳಿಸೋ ಸೆಟ್ಟಿಂಗ್) ಆನ್ ಮಾಡಿ. ಟಿವಿಯ ಡಿಜಿಟಲ್ ಆಡಿಯೊ ಔಟ್‌ಪುಟ್ ಪಿಸಿಎಂ ಇದ್ದರೆ ಆಟೋ ಅಥವಾ ಪಾಸ್‌ಥ್ರೂ ಮಾಡಿ. ಸಿನಿಮಾ ಹಾಕಿದಾಗ ರಿಸೀವರ್ ಮುಖದ ಮೇಲೆ ಡಾಲ್ಬಿ ಅಂತ ಬರಬೇಕು, ಪಿಸಿಎಂ ಅಂತ ಬಂದರೆ ನಿಮಗೆ ಸಿಗ್ತಿರೋದು ಬರೀ ಸ್ಟೀರಿಯೊ. ಐದು ಸ್ಪೀಕರ್ ಹಾಕಿಸಿ ವರ್ಷಗಟ್ಟಲೆ ಹೀಗೇ ಕೇಳಿದ ಮನೆಗಳನ್ನ ನಾನು ನೋಡಿದ್ದೀನಿ, ಬೇಜಾರಾಗುತ್ತೆ.

ಮೈಕ್ ಅಳತೆಗೆ ಮಳೆ ಇಲ್ಲದ ಬೆಳಿಗ್ಗೆ ಆರಿಸಿಕೊಳ್ಳಿ. ಫ್ಯಾನ್, ಫ್ರಿಜ್ ಆಫ್. ಮೈಕನ್ನು ದಿಂಬಿನ ಮೇಲೆ ಇಡಬೇಡಿ, ಕ್ಯಾಮೆರಾ ಟ್ರೈಪಾಡ್ ಮೇಲೆ ಕಿವಿಯ ಎತ್ತರಕ್ಕೆ ನಿಲ್ಲಿಸಿ. ಸಬ್ ಹಿಂದಿನ ಕ್ರಾಸ್‌ಓವರ್ ತಿರುಪು (ಯಾವ ಹರ್ಟ್ಸ್‌ವರೆಗಿನ ಸದ್ದು ಸಬ್‌ಗೆ ಅಂತ ಗೊತ್ತುಮಾಡೋದು) ಪೂರ್ತಿ ಮೇಲಕ್ಕೆ, ವಾಲ್ಯೂಮ್ ಅರ್ಧಕ್ಕೆ. ಅಳತೆ ಮುಗಿದ ಮೇಲೆ ಮೆನು ತೆಗೆದು ನೋಡಿ. ಸ್ಪೀಕರ್‌ಗಳನ್ನ 'ಲಾರ್ಜ್' ಅಂತ ಗುರುತಿಸಿದ್ದರೆ 'ಸ್ಮಾಲ್' ಮಾಡಿ, ಕ್ರಾಸ್‌ಓವರ್ 80 ಹರ್ಟ್ಸ್‌ಗೆ ಇಡಿ. ಆಗ ಕೆಳಗಿನ ಬಾಸ್ ಎಲ್ಲ ಸಬ್‌ಗೆ ಹೋಗಿ ರಿಸೀವರ್ ಮೇಲಿನ ಭಾರ ಇಳಿಯುತ್ತೆ. ಸಬ್‌ನ ದೂರ ನಿಜವಾದ್ದಕ್ಕಿಂತ ಜಾಸ್ತಿ ತೋರಿಸಿದರೆ ತಿದ್ದಬೇಡಿ, ಸಬ್‌ನೊಳಗಿನ ಸರ್ಕ್ಯೂಟಿನಿಂದ ಆಗೋ ವಿಳಂಬವನ್ನೂ ಸೇರಿಸಿ ಅದು ಲೆಕ್ಕ ಹಾಕಿರುತ್ತೆ. ಸೆಂಟರ್‌ನ ಒಂದೂವರೆ ಎರಡು ಡಿಬಿ ಏರಿಸಿದರೆ ಮಾತು ಇನ್ನೂ ಸ್ಪಷ್ಟ. ಅಮ್ಮ ಮಲಗಿದ ಮೇಲೆ ನೋಡ್ತೀವಿ ಅಂದಿದ್ದಿರಿ, ಅದಕ್ಕೆ ನೈಟ್ ಮೋಡ್ ಇದೆ. ಹೊಡೆದಾಟದ ಸದ್ದು ತಗ್ಗಿ ಮಾತು ಹಾಗೇ ಇರುತ್ತೆ. ವಾಲ್ಯೂಮ್ ಮೈನಸ್ 30 ಅಂತ ತೋರಿಸಿದರೆ ಗಾಬರಿ ಬೇಡ, ಸೊನ್ನೆ ಅನ್ನೋದು ಥಿಯೇಟರ್ ಮಟ್ಟದ ಸದ್ದು, ಮನೆಯಲ್ಲಿ ಅದಕ್ಕಿಂತ ಕೆಳಗೇ ಕೇಳೋದು.

ಇನ್ನು ನಮ್ಮ ಕಡೆಯ ನಿಜವಾದ ಶತ್ರು ಸಿಡಿಲು. ಏಪ್ರಿಲ್, ಮೇ ಮಳೆಯಲ್ಲಿ ಗುಡುಗು ದೂರದಲ್ಲಿ ಕೇಳಿದಾಗಲೇ ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಡಿಶ್ ಕೇಬಲ್ ಮತ್ತು ಇಂಟರ್ನೆಟ್ ಕೇಬಲ್ ಕೂಡ ಕೀಳಿ, ಆ ದಾರಿಯಿಂದ ಬಂದ ಹೊಡೆತ ಎಚ್‌ಡಿಎಂಐ ಮೂಲಕ ರಿಸೀವರ್‌ನ ಸುಡುತ್ತೆ. ಸರ್ಜ್ ಪ್ರೊಟೆಕ್ಟರ್ ಹಾಕಿ, ಆದರೆ ಅರ್ತಿಂಗ್ ಸರಿ ಇಲ್ಲದೆ ಅದು ಕೆಲಸಕ್ಕೆ ಬರಲ್ಲ. ಎಲೆಕ್ಟ್ರಿಷಿಯನ್ ಕರೆಸಿ ನ್ಯೂಟ್ರಲ್‌ಗೂ ಅರ್ತಿಗೂ ನಡುವೆ ಎಷ್ಟು ವೋಲ್ಟ್ ಬರುತ್ತೆ ಅಳೆಸಿ, ಒಂದೆರಡು ವೋಲ್ಟಿಗಿಂತ ಬಹಳ ಜಾಸ್ತಿ ಬಂದರೆ ಅರ್ತಿಂಗ್ ಗುಂಡಿ ನೋಡಿಸಿ. ಮೋಟರ್ ಓಡೋ ಹೊತ್ತಿಗೆ ವೋಲ್ಟೇಜ್ ಕುಸಿಯೋದಾದರೆ ಸ್ಟೆಬಿಲೈಸರ್ ಬೇಕು. ಇನ್ವರ್ಟರ್ ಸೈನ್‌ವೇವ್ ಅಲ್ಲದಿದ್ದರೆ ಅದರ ಮೇಲೆ ಓಡಿಸಬೇಡಿ. ಸ್ಪೀಕರ್‌ನಲ್ಲಿ ಸದಾ ಹಮ್ ಬರ್ತಿದ್ದರೆ ಮೊದಲು ಡಿಶ್ ಕೇಬಲ್ ಬಿಚ್ಚಿ ನೋಡಿ, ನಿಂತರೆ ಕಾರಣ ಅದೇ.

ಮಳೆಗಾಲದ ನಾಲ್ಕು ತಿಂಗಳು ಸಿನಿಮಾ ನೋಡದಿದ್ದರೂ ವಾರಕ್ಕೆರಡು ಸಲ ಒಂದೊಂದು ಗಂಟೆ ಹಾಡು ಹಾಕಿ, ಒಳಗಿನ ಬಿಸಿಗೆ ತೇವ ಆರುತ್ತೆ. ನಾನು ರಿಸೀವರ್‌ನ ಎಫ್‌ಎಂನಲ್ಲಿ ಬೆಳಿಗ್ಗೆ ಹಾಸನ ಆಕಾಶವಾಣಿ ಹಾಕಿಟ್ಟಿರ್ತೀನಿ, ಮನೆಯವರಿಗೂ ಖುಷಿ. ಮೇಲೆ ಐದಾರು ಇಂಚು ಖಾಲಿ ಬಿಡಿ, ಬಟ್ಟೆ ಹೊದಿಸಬೇಡಿ. ಇರುವೆ, ಹಲ್ಲಿ ಒಳಗೆ ನುಗ್ಗದ ಹಾಗೆ ಸ್ಟ್ಯಾಂಡಿನ ಹಿಂಬದಿಗೆ ಸೊಳ್ಳೆ ಪರದೆಯ ಬಲೆ ಕಟ್ಟಿ, ಆದರೆ ರಿಸೀವರ್‌ನ ಗಾಳಿ ಕಿಂಡಿಗೆ ತಾಗಬಾರದು.

ಕೊಳ್ಳೋಕೆ ಮುಂಚೆ ಟಿವಿ ಹಿಂದಿನ ಪೋರ್ಟ್‌ಗಳ ಫೋಟೋ ಒಂದು ಇಲ್ಲಿ ಹಾಕಿ, ಎಆರ್‌ಸಿ ಯಾವುದು ಅಂತ ನೋಡಿ ಹೇಳ್ತೀನಿ. ಹಾಸನಕ್ಕೆ ಬಂದಾಗ ನಮ್ಮ ಮನೆಗೂ ಬಂದು ಒಂದರ್ಧ ಗಂಟೆ ಕೇಳಿ ಹೋಗಿ. ನಿಮಗೆ ಇಷ್ಟವಾದ ಎರಡು ಹಾಡು ಪೆನ್‌ಡ್ರೈವ್‌ನಲ್ಲಿ ತನ್ನಿ. ಟ್ರೈಪಾಡ್ ಇಲ್ಲದಿದ್ದರೆ ನನ್ನದೇ ತಗೊಂಡು ಹೋಗಿ, ಅಳತೆ ಮುಗಿದ ಮೇಲೆ ಕೊಟ್ಟರಾಯ್ತು.