ಕನ್ನಡಕದ ನಂಬರ್ ಸರಿ ಇದೆ, ಆದರೂ ಅಪ್ಪನಿಗೆ ರಾತ್ರಿ ಕಾರು ಓಡಿಸೋದು ಕಷ್ಟ ಏಕೆ?

ಪ್ರಶ್ನೆ: ಪುಣೆಯ ಕೋಥ್ರೂಡ್‌ನಲ್ಲಿದ್ದೇವೆ. ಅಪ್ಪನಿಗೆ 72. ಅಕ್ಕನ ಮನೆ ಮುಂಬೈನ ಮಾಟುಂಗದಲ್ಲಿ. ಅಲ್ಲಿ ಮೈಸೂರು ಅಸೋಸಿಯೇಷನ್‌ನಲ್ಲಿ ನಾಟಕ ಇದೆ ಎಂದರೆ ಸಾಕು, ಕಾರು ತೆಗೆದು ಹೊರಡುತ್ತಾರೆ. ರಾತ್ರಿಯೇ ವಾಪಸ್ಸು. ಈಚೆಗೆ ಎದುರಿನ ಗಾಡಿಯ ಲೈಟು ಕಣ್ಣಿಗೆ ಹೊಡೆಯುತ್ತೆ ಎಂದು ಗೊಣಗುತ್ತಾರೆ. ಮೊನ್ನೆ ಹಾಡುಹಗಲೇ ಚಾಂದನಿ ಚೌಕದ ಹತ್ತಿರ ಎಡಗಡೆ ಬಂದ ಸ್ಕೂಟರ್‌ಗೆ ಕಾರು ತಾಗಿಸಿದರು. "ಎಲ್ಲಿಂದ ಬಂದನೋ, ಕಾಣಲೇ ಇಲ್ಲ" ಎಂದರು. ಕನ್ನಡಕದ ಅಂಗಡಿಯಲ್ಲಿ ಮಾತ್ರ ನಂಬರ್ ಸರಿಯಾಗಿದೆ ಎನ್ನುತ್ತಾರೆ. ಕೀ ಕಿತ್ತಿಟ್ಟುಕೊಳ್ಳಲಾ ಡಾಕ್ಟ್ರೇ?

ಉತ್ತರ: ಕೀ ವಿಷಯ ಆಮೇಲೆ ನೋಡೋಣ. ನಿಮ್ಮ ಪತ್ರದಲ್ಲಿ ಎರಡು ತೊಂದರೆ ಇವೆ. ಲೈಟು ಕಣ್ಣಿಗೆ ಹೊಡೆಯುವುದು ಒಂದು, ಪಕ್ಕದಿಂದ ಬಂದವನು ಕಾಣದಿರುವುದು ಇನ್ನೊಂದು. ಅಂಗಡಿಯ ಅಕ್ಷರದ ಬೋರ್ಡಿನಲ್ಲಿ ಇವೆರಡೂ ಸಿಕ್ಕಿಬೀಳುವುದಿಲ್ಲ. ಬಿಳಿ ಹಲಗೆ, ಕಪ್ಪು ಅಕ್ಷರ, ಒಳ್ಳೆ ಬೆಳಕು, ನೇರ ನೋಟ. ರಾತ್ರಿ ಖಂಡಾಲ ಘಾಟ್‌ನಲ್ಲಿ ಇದ್ಯಾವುದೂ ಇರುವುದಿಲ್ಲ, ಅಲ್ವಾ?

ಮೊದಲು ಲೈಟಿನ ವಿಷಯ. ವಯಸ್ಸಾದಂತೆ ಕಣ್ಣಿನ ಪಾಪೆ ಕತ್ತಲಲ್ಲೂ ಪೂರ್ತಿ ಹಿಗ್ಗುವುದಿಲ್ಲ. ಮಸೂರ ಹಳದಿಯಾಗುತ್ತದೆ. 20 ವರ್ಷದವರ ಕಣ್ಣಿನ ಹಿಂಪರದೆಗೆ ಬೀಳುವ ಬೆಳಕಿನಲ್ಲಿ ಸುಮಾರು ಮೂರನೇ ಒಂದು ಭಾಗವಷ್ಟೇ 60ರವರಿಗೆ ಸಿಗುತ್ತದೆ. ಇದರ ಮೇಲೆ ಪೊರೆ ಬೇರೆ ಬರುತ್ತಿದ್ದರೆ, ಗೀರು ಬಿದ್ದ ಗಾಜಿಗೆ ಲೈಟು ಬಿಟ್ಟ ಹಾಗೆ, ಬೆಳಕೆಲ್ಲ ಒಳಗೇ ಚದುರುತ್ತದೆ. ಎದುರಿನವನು ಹೈಬೀಮ್ ಹಾಕಿಕೊಂಡು ದಾಟಿಹೋದ ಮೇಲೂ ಕಣ್ಣು ಸುಧಾರಿಸಿಕೊಳ್ಳಲು ಹೊತ್ತು ಬೇಕು. ಆ ಹೊತ್ತಿನಲ್ಲಿ ಕಾರು ಓಡುತ್ತಲೇ ಇರುತ್ತದೆ. ಕಪ್ಪು ಬಟ್ಟೆ ಹಾಕಿಕೊಂಡು ರಸ್ತೆ ದಾಟುವವರು, ಹಿಂದೆ ಲೈಟಿಲ್ಲದೆ ನಿಂತ ಟ್ರಕ್ಕು, ಇವು ಕಾಣುವುದೇ ಇಲ್ಲ. ಎಕ್ಸ್‌ಪ್ರೆಸ್‌ವೇ ಸುರಂಗಗಳಲ್ಲೂ ಇದೇ ಕಥೆ. ಬಿಸಿಲಿನಿಂದ ಒಳಗೆ ಹೋದ ತಕ್ಷಣ ಒಂದಷ್ಟು ದೂರ ಎಲ್ಲ ಮಬ್ಬು.

ಪೊರೆಯಾಗಿದ್ದರೆ ಸಮಾಧಾನ, ಆಪರೇಷನ್ ಇದೆ. ಆದರೆ ಆಗ ಕಣ್ಣೊಳಗೆ ಕೂರಿಸುವ ಲೆನ್ಸ್ ಆರಿಸುವ ಮೊದಲೇ "ನಾನು ರಾತ್ರಿ ಕಾರು ಓಡಿಸುತ್ತೇನೆ" ಎಂದು ಡಾಕ್ಟರಿಗೆ ಹೇಳಲಿ. ದೂರಕ್ಕೂ ಹತ್ತಿರಕ್ಕೂ ಆಗುವ ಮಲ್ಟಿಫೋಕಲ್ ಲೆನ್ಸ್ ಹಾಕಿಸಿಕೊಂಡ ಕೆಲವರಿಗೆ ರಾತ್ರಿ ಲೈಟಿನ ಸುತ್ತ ಬಳೆ ಬಳೆ ಕಾಣುತ್ತದೆ. ಬೆಲೆ ಜಾಸ್ತಿ ಎಂದ ಮಾತ್ರಕ್ಕೆ ಎಲ್ಲರಿಗೂ ಒಪ್ಪುವುದಿಲ್ಲ.

ನನಗೆ ಹೆಚ್ಚು ಚಿಂತೆ ಆ ಸ್ಕೂಟರ್‌ದು. ಪುಣೆಯಲ್ಲಿ ಎಡಗಡೆಯಿಂದ ನುಗ್ಗದ ಸ್ಕೂಟರ್ ಇಲ್ಲ, ಒಪ್ಪುತ್ತೇನೆ. ಆದರೆ ಗ್ಲಾಕೋಮಾ, ಅಂದರೆ ಕಣ್ಣಿನ ನರ ಮೆಲ್ಲಗೆ ಹಾಳಾಗುವ ರೋಗದಲ್ಲಿ ನೋಟ ಕಳೆದುಹೋಗುವುದು ಸಾಮಾನ್ಯವಾಗಿ ಅಂಚಿನ ಕಡೆಯಿಂದ. ನೋವಿಲ್ಲ, ಕೆಂಪಿಲ್ಲ. ಕಾಣದ ಜಾಗ ಕಪ್ಪಾಗಿ ಕಾಣುವುದೂ ಇಲ್ಲ. ಸುತ್ತಲಿನ ರಸ್ತೆಯನ್ನೇ ಎಳೆದು ಮಿದುಳು ಅಲ್ಲಿ ತುಂಬಿಬಿಡುತ್ತದೆ. ಹಾಗಾಗಿ "ಕಾಣಲೇ ಇಲ್ಲ" ಎಂಬ ಅಪ್ಪನ ಮಾತು ನೆಪ ಅಲ್ಲದೇ ಇರಬಹುದು.

ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಡ್ರಾಪ್ಸ್ ಹಾಕಿ ಒಳಗೆಲ್ಲ ನೋಡಿಸಿ. ಕಣ್ಣೊಳಗಿನ ಪ್ರೆಷರ್ ಒಂದೇ ನೋಡಿದರೆ ಸಾಲದು, ಅದು ಸರಿ ಇದ್ದೂ ಗ್ಲಾಕೋಮಾ ಬರಬಹುದು. ಪಕ್ಕದ ನೋಟ ಎಷ್ಟಿದೆ ಎಂದು ಅಳೆಯುವ ಪೆರಿಮೆಟ್ರಿಯನ್ನೂ ಮಾಡಿಸಿ. ದೊಡ್ಡ ಬೋಗುಣಿಯಂಥ ಯಂತ್ರಕ್ಕೆ ಗದ್ದ ಊರಿ ಕೂರಿಸುತ್ತಾರೆ. ಅಲ್ಲಲ್ಲಿ ಸಣ್ಣ ಬೆಳಕಿನ ಚುಕ್ಕಿ ಮಿನುಗಿದಾಗ ಗುಂಡಿ ಒತ್ತಬೇಕು. ಒಂದೊಂದೇ ಕಣ್ಣಿಗೆ ಮಾಡುತ್ತಾರೆ, ಬೇಜಾರು ಬರುತ್ತದೆ, ಕಾಫಿ ಕುಡಿಸಿ ಕರೆದುಕೊಂಡು ಹೋಗಿ. ಡ್ರಾಪ್ಸ್‌ನಿಂದ ಕಣ್ಣು ಮಬ್ಬಾಗಿರುತ್ತದೆ, ವಾಪಸ್ ಬರುವಾಗ ಅವರು ಗಾಡಿ ಓಡಿಸುವಂತಿಲ್ಲ. ಗ್ಲಾಕೋಮಾ ಎಂದಾದರೆ ಹೋದ ನೋಟ ಬರುವುದಿಲ್ಲ, ಉಳಿದದ್ದನ್ನು ಕಾಪಾಡಬಹುದು. ಅದು ಮನೆತನದಲ್ಲಿ ಹರಿಯುತ್ತದೆ, ಹಾಗಾಗಿ ನಿಮ್ಮ, ಅಕ್ಕನ ಕಣ್ಣೂ ತೋರಿಸಿ.

"ಲೈಸೆನ್ಸ್ ರಿನ್ಯೂ ಆಗಿದೆಯಲ್ಲ" ಎಂದು ಅಪ್ಪ ವಾದಿಸಬಹುದು. 55 ದಾಟಿದವರಿಗೆ ಅದು ಸಿಗುವುದು 5 ವರ್ಷಕ್ಕೆ. ಅರ್ಜಿಯಲ್ಲಿ ಕಣ್ಣಿನ ಬಗ್ಗೆ ಕೇಳುವ ಮುಖ್ಯ ಪ್ರಶ್ನೆ, ಒಳ್ಳೆ ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ನಂಬರ್ ಪ್ಲೇಟ್ ಓದುತ್ತೀರಾ ಎಂಬುದು. ರಾತ್ರಿ ಲೋಣಾವಳದ ಮಂಜಿಗೆ ಅದು ಉತ್ತರವಲ್ಲ.

ಇನ್ನು ಕೀ. ಕಿತ್ತುಕೊಳ್ಳಬೇಡಿ, ಆದರೆ ರಿಪೋರ್ಟ್ ಬರುವವರೆಗೆ ಹಗಲಲ್ಲೂ ಓಡಿಸದಿರಲಿ. ಕಾರಣ ಆ ಸ್ಕೂಟರ್. ಬರೀ ಪೊರೆ ಎಂದಾದರೆ ಆಪರೇಷನ್‌ವರೆಗೆ ರಾತ್ರಿ ಬೇಡ, ಹಗಲಿನದು ಡಾಕ್ಟರ್ ಹೇಳಿದಂತೆ. ಪಕ್ಕದ ನೋಟವೇ ಹೋಗಿದ್ದರೆ ಎಷ್ಟು ಹೋಗಿದೆ ಎನ್ನುವುದರ ಮೇಲೆ ನಿಂತಿದೆ. ಎರಡೂ ಕಣ್ಣಿನಲ್ಲಿ ಜಾಸ್ತಿ ಹೋಗಿದ್ದರೆ ಕಾರು ಬಿಡಲೇಬೇಕು. ಆ ಮಾತನ್ನು ಡಾಕ್ಟರ್ ಬಾಯಿಂದಲೇ ಹೇಳಿಸಿ, ನೀವು ಕೆಟ್ಟವರಾಗಬೇಡಿ. ನಾಟಕ ತಪ್ಪಬಾರದು ಎಂದರೆ ಬೆಳಿಗ್ಗೆ ಡೆಕ್ಕನ್ ಕ್ವೀನ್ ಹತ್ತಿಸಿ. ದಾದರ್‌ನಲ್ಲಿ ಇಳಿದರೆ ಮಾಟುಂಗ ಪಕ್ಕದಲ್ಲೇ. ರಾತ್ರಿ ಅಕ್ಕನ ಮನೆಯಲ್ಲಿ ಉಳಿಯಲಿ.

ಪ್ರಶ್ನೆ: ರಾತ್ರಿ ಡ್ರೈವಿಂಗ್‌ಗೆಂದು ಹಳದಿ ಗಾಜಿನ ಕನ್ನಡಕ ಮಾರುತ್ತಾರೆ. 68ರ ನನಗೆ ಉಪಯೋಗವಿದೆಯೇ? (ಡೊಂಬಿವಿಲಿ)

ಉತ್ತರ: ಸುಮ್ನೆ ದುಡ್ಡು ದಂಡ. ಕಣ್ಣಿಗೆ ಬೆಳಕು ಸಾಲದಿರುವಾಗ ಬಣ್ಣದ ಗಾಜು ಇರುವುದನ್ನೂ ಕಡಿಮೆ ಮಾಡುತ್ತದೆ. ಅದೇ ದುಡ್ಡಿನಲ್ಲಿ ಕಣ್ಣು ತೋರಿಸಿ. ಕಾರಿನ ಮುಂದಿನ ಗಾಜನ್ನು ಒಳಗಡೆಯಿಂದಲೂ ಒರೆಸಿ.