ವಿಜ್ಞಾನ ಓದಿದರೆ ಕ್ರೈಸ್ತ ವಿಶ್ವಾಸ ಬಿಡಬೇಕಾಗುತ್ತದೆಯೇ?

ನೀವು ಜೀವವಿಜ್ಞಾನ ಓದುತ್ತಿದ್ದೀರಿ. ವಿಕಾಸವಾದ ಒಪ್ಪಿದರೆ ವಿಶ್ವಾಸ ಹೋದಂತೆಯೇ ಎಂದು ಸಭೆಯಲ್ಲಿ ಹೇಳುತ್ತಾರೆ, ದೇವರಿಲ್ಲ ಎಂದು ವಿಜ್ಞಾನ ತೋರಿಸಿ ಎಷ್ಟೋ ಕಾಲವಾಯಿತು ಎಂದು ಸಹಪಾಠಿಗಳು ಹೇಳುತ್ತಾರೆ. ಎರಡರಲ್ಲಿ ಒಂದನ್ನು ಬಿಡಲೇಬೇಕೇ ಎಂದು ಕೇಳಿದ್ದೀರಿ. ಬಿಡಬೇಕಿಲ್ಲ. ಆದರೆ ಎರಡೂ ಬೇರೆ ಬೇರೆ ಲೋಕ, ಒಂದಕ್ಕೊಂದು ಸಂಬಂಧವೇ ಇಲ್ಲ ಎನ್ನುವ ಸುಲಭದ ಉತ್ತರ ನನಗೆ ಒಪ್ಪಿಗೆಯಿಲ್ಲ. ರೋಮನ್ ಅಧಿಪತಿ ಪೊಂತ್ಯ ಪಿಲಾತನ ಅಧಿಕಾರದಲ್ಲಿ ಶಿಲುಬೆಗೇರಿಸಲ್ಪಟ್ಟ ಯೇಸು ಮೂರನೆಯ ದಿನ ಸತ್ತವರೊಳಗಿಂದ ಎದ್ದ ಎಂದು ಹೇಳುವ ವಿಶ್ವಾಸವಿದು. ನಡೆದ ಸಂಗತಿಯ ಬಗ್ಗೆ ಮಾತಾಡುವವರು ಸಾಕ್ಷ್ಯದ ಬಗ್ಗೆಯೂ ಮಾತಾಡಲೇಬೇಕು. ಆದ್ದರಿಂದ ಒಂದೊಂದು ಹೇಳಿಕೆಯನ್ನೂ ಬಿಡಿಸಿ ನೋಡಬೇಕಾಗುತ್ತದೆ. ಹಾಗೆ ನೋಡಿದಾಗ ನನಗೆ ಕಾಣುವುದು ಇಷ್ಟು: ವಿಶ್ವಾಸಕ್ಕೆ ಹೆಚ್ಚು ಏಟು ಬಿದ್ದಿರುವುದು ವಿಕಾಸವಾದದಿಂದಲ್ಲ, ವಿಜ್ಞಾನದ ಆಸರೆಯಲ್ಲಿ ದೇವರನ್ನು ಸಾಬೀತು ಮಾಡಲು ಹೊರಟವರಿಂದ.

ಈ ಚರ್ಚೆಯಲ್ಲಿ ಮೊದಲು ಬರುವ ಹೆಸರು ಗೆಲಿಲಿಯೋ. ಅವನ ಪ್ರಕರಣವನ್ನು ಎರಡೂ ಪಕ್ಷದವರು ಅರ್ಧಂಬರ್ಧ ಹೇಳುವುದರಿಂದ ಸ್ವಲ್ಪ ವಿವರವಾಗಿ ನೋಡೋಣ. ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಎಂದ ಕೋಪರ್ನಿಕಸ್ ಸ್ವತಃ ಚರ್ಚಿನ ಅಧಿಕಾರಿ. ಅವನ ಪುಸ್ತಕ 1543ರಲ್ಲಿ ಪ್ರಕಟವಾಯಿತು, ರೋಮ್‌ನ ಕ್ಯಾಥೊಲಿಕ್ ಚರ್ಚ್ ಅದಕ್ಕೆ ತಡೆ ಹಾಕಿದ್ದು 1616ರಲ್ಲಿ. ಅದರ ಹಿಂದಿನ ವರ್ಷ ಕಾರ್ಡಿನಲ್ ಬೆಲ್ಲಾರ್ಮಿನ್ ಒಂದು ಪತ್ರದಲ್ಲಿ ತನ್ನ ನಿಲುವು ಹೇಳಿದ್ದ: ಭೂಮಿ ಸೂರ್ಯನ ಸುತ್ತ ತಿರುಗುತ್ತದೆಂಬುದಕ್ಕೆ ನಿಜವಾದ ಪುರಾವೆ ಸಿಕ್ಕರೆ, ಅದಕ್ಕೆ ವಿರುದ್ಧವಾಗಿ ಕಾಣುವ ಸತ್ಯವೇದದ ಮಾತುಗಳು ನಮಗೆ ಅರ್ಥವಾಗಿಲ್ಲ ಎನ್ನಬೇಕೇ ಹೊರತು ಸಾಬೀತಾದದ್ದನ್ನು ಸುಳ್ಳೆನ್ನಬಾರದು; ಆದರೆ ಅಂಥ ಪುರಾವೆಯನ್ನು ತಾನು ಕಂಡಿಲ್ಲ. ಆ ಹೊತ್ತಿಗೆ ಅದು ತೀರಾ ತಪ್ಪು ಮಾತೂ ಆಗಿರಲಿಲ್ಲ. ಶುಕ್ರನೂ ಚಂದ್ರನಂತೆ ವೃದ್ಧಿ-ಕ್ಷಯದ ಹಂತಗಳನ್ನು ತೋರಿಸುತ್ತದೆ ಎಂದು 1610ರಲ್ಲಿ ಗೆಲಿಲಿಯೋ ಕಂಡದ್ದು, ಎಲ್ಲವೂ ಭೂಮಿಯ ಸುತ್ತ ಎನ್ನುವ ಟಾಲೆಮಿಯ ಹಳೆಯ ವ್ಯವಸ್ಥೆಯನ್ನು ಉರುಳಿಸಿತು. ಆದರೆ ಗ್ರಹಗಳು ಸೂರ್ಯನ ಸುತ್ತ, ಸೂರ್ಯ ಭೂಮಿಯ ಸುತ್ತ ಎಂಬ ಟೈಕೋ ಬ್ರಾಹೆಯ ವ್ಯವಸ್ಥೆಗೆ ಅದು ಅಷ್ಟೇ ಸರಿಯಾಗಿ ಹೊಂದುತ್ತಿತ್ತು. ಗೆಲಿಲಿಯೋ ದೊಡ್ಡ ಪುರಾವೆಯೆಂದು ನಂಬಿದ್ದ ಸಮುದ್ರದ ಉಬ್ಬರವಿಳಿತದ ವಾದವಂತೂ ತಪ್ಪಾಗಿತ್ತು. ಭೂಮಿಯ ಚಲನೆಗೆ ನೇರ ಸಾಕ್ಷ್ಯವನ್ನು ಖಗೋಳಜ್ಞ ಜೇಮ್ಸ್ ಬ್ರಾಡ್ಲಿ ಒದಗಿಸಿದ್ದು 1720ರ ದಶಕದ ಕೊನೆಯಲ್ಲಿ. ಭೂಮಿ ಸೂರ್ಯನನ್ನು ಸುತ್ತುವುದರಿಂದ ಹತ್ತಿರದ ನಕ್ಷತ್ರವೊಂದು ಜಾಗ ಬದಲಿಸಿದಂತೆ ಕಾಣುವ ಕೋನವನ್ನು ಬೆಸ್ಸೆಲ್ ಅಳೆದದ್ದು 1838ರಲ್ಲಿ. ಆ ಕೋನ ಒಂದು ಡಿಗ್ರಿಯ ಸುಮಾರು ಹನ್ನೊಂದು ಸಾವಿರದಲ್ಲಿ ಒಂದು ಭಾಗದಷ್ಟು ಚಿಕ್ಕದು.

ಇದರಿಂದ ರೋಮ್‌ನ ತಪ್ಪು ಕಡಿಮೆಯಾಗುವುದಿಲ್ಲ. ಪುರಾವೆ ಸಾಲದು ಎನ್ನುವುದು ವಿಜ್ಞಾನದೊಳಗಿನ ಮಾತು, ನಾಳೆ ಬದಲಾಗಬಹುದಾದದ್ದು. ಅದನ್ನು ವಿಶ್ವಾಸದ ವಿಷಯವನ್ನಾಗಿಸಿ ವಿಚಾರಣೆಗೆ ಎಳೆದದ್ದು, 1633ರಲ್ಲಿ ಮುದುಕನೊಬ್ಬನನ್ನು ಮಂಡಿಯೂರಿಸಿ ತನ್ನ ಮಾತನ್ನು ಹಿಂತೆಗೆದುಕೊಳ್ಳುವಂತೆ ಮಾಡಿದ್ದು, 1642ರಲ್ಲಿ ಸಾಯುವವರೆಗೆ ಗೃಹಬಂಧನದಲ್ಲಿಟ್ಟದ್ದು ಅನ್ಯಾಯ. ಕೋಪರ್ನಿಕಸ್‌ನ ಪುಸ್ತಕ ನಿಷೇಧಿತ ಪಟ್ಟಿಯಿಂದ ಮರೆಯಾದದ್ದು 1835ರಲ್ಲಿ. ಭೂಮಿ ಕದಲದು ಎನ್ನುವ ಕೀರ್ತನೆ 104:5, ಸೂರ್ಯ ನಿಂತ ಎನ್ನುವ ಯೆಹೋಶುವ 10:13 ಅಂದು ವಾದದ ನಡುವೆ ಇದ್ದ ವಚನಗಳು. ಇಂದು ಅವನ್ನು ಓದುವಾಗ ಯಾವ ವಿಶ್ವಾಸಿಗೂ ಎದೆ ಬಡಿದುಕೊಳ್ಳುವುದಿಲ್ಲ.

ಆದಿಕಾಂಡದ ಮೊದಲ ಅಧ್ಯಾಯ ಮಾತ್ರ ಇನ್ನೂ ಬಡಿದುಕೊಳ್ಳುವಂತೆ ಮಾಡುತ್ತದೆ. ಅದನ್ನು ಪೆನ್ಸಿಲ್ ಹಿಡಿದು ಕ್ರಮ ಗುರುತು ಮಾಡುತ್ತ ಓದಿ. ಬೆಳಕು ಮೊದಲ ದಿನ, ಗಿಡಮರ ಮೂರನೆಯ ದಿನ, ಸೂರ್ಯ ನಾಲ್ಕನೆಯ ದಿನ, ಪ್ರಾಣಿಗಳು ಬಂದ ಮೇಲೆ ಮನುಷ್ಯ. ಎರಡನೆಯ ಅಧ್ಯಾಯಕ್ಕೆ ಬನ್ನಿ: 7ನೇ ವಚನದಲ್ಲಿ ಮನುಷ್ಯ, 9ರಲ್ಲಿ ಮರಗಳು, 19ರಲ್ಲಿ ಪ್ರಾಣಿಗಳು, 22ರಲ್ಲಿ ಸ್ತ್ರೀ. ಎರಡು ಕ್ರಮಗಳನ್ನು ಪಕ್ಕಪಕ್ಕದಲ್ಲಿಟ್ಟವರು ಅದನ್ನು ಗಮನಿಸದೆ ಇಟ್ಟಿರಲಾರರು. ಸೂರ್ಯನಿಲ್ಲದೆ ಮೂರು ದಿನಗಳು ಹೇಗೆ ಎಂದು ಆದಿ ಸಭೆಯ ಪಂಡಿತ ಓರಿಜೆನ್ ಮೂರನೆಯ ಶತಮಾನದಲ್ಲೇ ಕೇಳಿದ್ದ. ದೇವರು ಎಲ್ಲವನ್ನೂ ಒಟ್ಟಿಗೇ ಸೃಷ್ಟಿಸಿದನು, ಆ ದಿನಗಳು ನಮ್ಮ ದಿನಗಳಂಥವಲ್ಲ ಎಂದು ಸಂತ ಅಗಸ್ಟೀನ್ 415ರ ಸುಮಾರಿಗೆ ಬರೆದ. ಆಕಾಶ, ಭೂಮಿ, ಪ್ರಾಣಿಗಳ ವಿಷಯದಲ್ಲಿ ಅನ್ಯರು ಅನುಭವದಿಂದ ಚೆನ್ನಾಗಿ ಬಲ್ಲದ್ದರ ಬಗ್ಗೆ ಕ್ರೈಸ್ತನು ಗ್ರಂಥದ ಹೆಸರಿನಲ್ಲಿ ಅಸಂಬದ್ಧ ಮಾತಾಡಿದರೆ, ಪುನರುತ್ಥಾನದ ಬಗ್ಗೆ ಅವನು ಹೇಳುವುದನ್ನು ಅವರು ಹೇಗೆ ನಂಬಿಯಾರು ಎಂಬ ಎಚ್ಚರಿಕೆಯೂ ಅವನದೇ. ಡಾರ್ವಿನ್‌ಗೆ ಹೆದರಿ ಕ್ರೈಸ್ತರು ಅರ್ಥ ಬದಲಿಸಿಕೊಂಡರು ಎನ್ನುವವರಿಗೆ ಈ ಇಸವಿಗಳನ್ನು ತೋರಿಸಿ.

ಇನ್ನು ಭೂಮಿಯ ವಯಸ್ಸು. ಕಾರ್ಬನ್ ಡೇಟಿಂಗ್ ನಂಬಲರ್ಹವಲ್ಲ, ಆದ್ದರಿಂದ ಭೂಮಿ ಎಳೆಯದು ಎಂಬ ವಾದವನ್ನು ನೀವು ಕೇಳಿರುತ್ತೀರಿ. ಭೂಮಿಯ ವಯಸ್ಸಿಗೆ ಕಾರ್ಬನ್ ಬಳಸುವವರೇ ಇಲ್ಲ. ಕಾರ್ಬನ್-14ರ ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಕ್ಷಯಿಸಲು ಬೇಕಾಗುವ ಕಾಲ, 5,730 ವರ್ಷ. ಸುಮಾರು 50,000 ವರ್ಷ ದಾಟಿದರೆ ಉಳಿಯುವುದು ಎಷ್ಟು ಕಡಿಮೆಯೆಂದರೆ, ಹೊರಗಿನಿಂದ ಸೇರಿದ ಚೂರು ಕಾರ್ಬನ್ನೇ ಅಳತೆಯನ್ನು ಕೆಡಿಸುತ್ತದೆ. ಡೈನೋಸಾರ್ ಮೂಳೆಗೆ ಅದರಿಂದ ಕೆಲವು ಸಾವಿರ ವರ್ಷ ಬಂತು ಎಂಬ ಸುದ್ದಿಗಳ ಹಿಂದಿರುವುದು ಇದೇ. ಬಂಡೆಗಳಿಗೆ ಬಳಸುವುದು ಯುರೇನಿಯಂ-ಸೀಸದ ವಿಧಾನ. ಜಿರ್ಕಾನ್ ಹರಳು ಬೆಳೆಯುವಾಗ ಯುರೇನಿಯಂ ಒಳಗೆ ಸೇರಿಸಿಕೊಳ್ಳುತ್ತದೆ, ಸೀಸವನ್ನು ಹೆಚ್ಚುಕಡಿಮೆ ಪೂರ್ತಿ ಹೊರಗಿಡುತ್ತದೆ. ಹಾಗಾಗಿ ಒಳಗೆ ಸಿಗುವ ಸೀಸ ಬಹುಪಾಲು ಯುರೇನಿಯಂ ಕ್ಷಯಿಸಿ ಅಲ್ಲೇ ಹುಟ್ಟಿದ್ದು. ಯುರೇನಿಯಂ-238ರ ಅರ್ಧಾಯುಷ್ಯ 447 ಕೋಟಿ ವರ್ಷ, ಯುರೇನಿಯಂ-235ರದು ಸುಮಾರು 70 ಕೋಟಿ. ಅಂದರೆ ಒಂದೇ ಹರಳಿನಲ್ಲಿ ಎರಡು ಲೆಕ್ಕ. ಸೀಸ ಸೋರಿಹೋಗಿದ್ದರೆ ಎರಡು ಲೆಕ್ಕಗಳೂ ತಾಳೆಯಾಗುವುದಿಲ್ಲ, ಆಗ ತಪ್ಪು ತಾನಾಗಿ ಗೊತ್ತಾಗುತ್ತದೆ. ಉಲ್ಕಾಶಿಲೆಗಳ ಸೀಸವನ್ನು ಅಳೆದು ಕ್ಲೇರ್ ಪ್ಯಾಟರ್ಸನ್ 1956ರಲ್ಲಿ ಭೂಮಿಗೆ ಕೊಟ್ಟ ವಯಸ್ಸು 455 ಕೋಟಿ ವರ್ಷ. ಇಂದಿನ ಅಂಕಿ ಸುಮಾರು 454 ಕೋಟಿ.

ವಿಕಾಸದ ಸಾಕ್ಷ್ಯವನ್ನು ನಿಮ್ಮ ಪಠ್ಯವೇ ಕೊಡುತ್ತದೆ, ನಾನು ಎರಡನ್ನು ಮಾತ್ರ ಎತ್ತುತ್ತೇನೆ. ಚಿಂಪಾಂಜಿಗೆ 24 ಜೋಡಿ ವರ್ಣತಂತುಗಳು (ಕ್ರೋಮೋಸೋಮ್), ನಮಗೆ 23. ನಮ್ಮ ಎರಡನೆಯ ವರ್ಣತಂತುವಿನ ನಡುವೆ, ಸಾಮಾನ್ಯವಾಗಿ ತುದಿಗಳಲ್ಲಿ ಇರಬೇಕಾದ ಅನುಕ್ರಮ ಸಿಗುತ್ತದೆ, ಎರಡು ತಂತುಗಳು ಬೆಸೆದ ಗುರುತಾಗಿ. ಸಿ ಜೀವಸತ್ವ ತಯಾರಿಸುವ ವಂಶವಾಹಿ ನಮ್ಮಲ್ಲೂ ವಾನರಗಳಲ್ಲೂ ಕೆಟ್ಟು ಕೂತಿದೆ, ಒಂದೇ ಪೂರ್ವಜರಿಂದ ಬಂದ ಗುರುತಾಗಿ. ಇದನ್ನೆಲ್ಲ ಒಪ್ಪಿದರೂ ಸೃಷ್ಟಿಕರ್ತ ಇಲ್ಲವಾಗುವುದಿಲ್ಲ. ಪೋಪ್ ಎರಡನೇ ಜಾನ್ ಪಾಲ್ 1996ರಲ್ಲಿ ವಿಕಾಸವನ್ನು ಬರೀ ಊಹೆಗಿಂತ ಹೆಚ್ಚಿನದು ಎಂದರು.

ನಿಜವಾದ ಕಷ್ಟ ಆದಾಮನದು. ಇಂದಿನ ಮನುಷ್ಯರಲ್ಲಿರುವ ವಂಶವಾಹಿ ವೈವಿಧ್ಯ ಕೇವಲ ಎರಡೇ ಜನರಿಂದ ಬಂದದ್ದು ಎನ್ನುವುದಕ್ಕೆ ಹೊಂದುವುದಿಲ್ಲ. ಸಾವಿರಾರು ಜನರಿದ್ದ ಗುಂಪನ್ನು ಸೂಚಿಸುತ್ತದೆ. ಆದರೆ ರೋಮಾಪುರದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಪೌಲನು ಒಬ್ಬ ಮನುಷ್ಯನಿಂದ ಪಾಪವೂ ಮರಣವೂ ಬಂದವು ಎನ್ನುತ್ತಾನೆ. ಗುಂಪಿನ ನಡುವಿನಿಂದ ದೇವರು ಆರಿಸಿಕೊಂಡ ಪ್ರತಿನಿಧಿ ಆದಾಮ ಎನ್ನುವವರಿದ್ದಾರೆ, ಎಲ್ಲ ಮನುಷ್ಯರ ಕಥೆಯನ್ನು ಒಬ್ಬನ ಮೂಲಕ ಹೇಳಿದ್ದು ಎನ್ನುವವರೂ ಇದ್ದಾರೆ. ಮೊದಲನೆಯದು ಪೌಲನ ವಾದಕ್ಕೆ ಹೆಚ್ಚು ಹತ್ತಿರ ಎಂದು ನನಗನ್ನಿಸುತ್ತದೆ. ಆದರೂ ಮನುಷ್ಯನಿಗಿಂತ ಮುಂಚೆ ಕೋಟ್ಯಂತರ ವರ್ಷ ಪ್ರಾಣಿಗಳು ನರಳಿ ಸತ್ತದ್ದಕ್ಕೆ ಅದರಲ್ಲಿ ಪೂರ್ಣ ಉತ್ತರವಿಲ್ಲ. ಇಲ್ಲಿ ಸುಲಭದ ಉತ್ತರ ಕೊಡುವವರನ್ನು, ಅವರು ಯಾವ ಪಕ್ಷದವರೇ ಆಗಿರಲಿ, ನಂಬಬೇಡಿ.

ಮೊದಲು ಹೇಳಿದ ಏಟಿನ ವಿಷಯಕ್ಕೆ ಬರುತ್ತೇನೆ. ಗ್ರಹಗಳು ಒಂದನ್ನೊಂದು ಎಳೆಯುವುದರಿಂದ ವ್ಯವಸ್ಥೆ ನಿಧಾನಕ್ಕೆ ಕೆಡುತ್ತದೆ, ಸರಿಪಡಿಸಬೇಕಾಗುತ್ತದೆ ಎಂದು ನ್ಯೂಟನ್ ಭಾವಿಸಿದ್ದ, ಸರಿಪಡಿಸುವವನು ದೇವರು. ಗುರು-ಶನಿಗಳ ಏರುಪೇರು ಸುಮಾರು 900 ವರ್ಷಕ್ಕೊಮ್ಮೆ ಮರುಕಳಿಸುವಂಥದ್ದು, ಬೆಳೆಯುತ್ತ ಹೋಗುವಂಥದ್ದಲ್ಲ ಎಂದು 1780ರ ದಶಕದಲ್ಲಿ ಫ್ರೆಂಚ್ ಗಣಿತಜ್ಞ ಲಾಪ್ಲಾಸ್ ತೋರಿಸಿದ. ಗೊತ್ತಿಲ್ಲದ ಕಡೆಯೆಲ್ಲ ದೇವರನ್ನು ಕೂರಿಸಿದರೆ, ಗೊತ್ತಾದಾಗಲೆಲ್ಲ ಅಲ್ಲಿಂದ ಎಬ್ಬಿಸಬೇಕಾಗುತ್ತದೆ. ಜೀವ ಹೇಗೆ ಶುರುವಾಯಿತು ಎಂದು ವಿಜ್ಞಾನಕ್ಕೆ ಇನ್ನೂ ಗೊತ್ತಿಲ್ಲ, ಆದ್ದರಿಂದ ದೇವರಿದ್ದಾನೆ ಎಂಬ ವಾದವನ್ನು ದಯವಿಟ್ಟು ಎತ್ತಬೇಡಿ.

ಇದನ್ನು ಎಲ್ಲರಿಗಿಂತ ಚೆನ್ನಾಗಿ ಅರಿತಿದ್ದವನು ಜಾರ್ಜ್ ಲೆಮೈತ್ರ್, ಬೆಲ್ಜಿಯಂನ ಕ್ಯಾಥೊಲಿಕ್ ಪಾದ್ರಿ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ, ಅದು ಒಂದು ಆದಿಮ ಪರಮಾಣುವಿನಿಂದ ಶುರುವಾಗಿರಬಹುದು ಎಂದು 1931ರಲ್ಲಿ ಬರೆದವನು ಅವನೇ. 1951ರ ನವೆಂಬರ್‌ನಲ್ಲಿ ಪೋಪ್ ಹನ್ನೆರಡನೇ ಪಿಯುಸ್, ಇಂದು ಮಹಾಸ್ಫೋಟ ಎನ್ನಲಾಗುವ ಈ ಸಿದ್ಧಾಂತವನ್ನು ಸೃಷ್ಟಿಗೆ ಸಾಕ್ಷಿಯೆಂಬಂತೆ ಮಾತಾಡಿದಾಗ ಸಂತೋಷಪಡಬೇಕಾದವನು ಕಳವಳಗೊಂಡ. ತನ್ನ ಸಿದ್ಧಾಂತ ದೇವರಿದ್ದಾನೆ ಎಂದೂ ಹೇಳುವುದಿಲ್ಲ, ಇಲ್ಲ ಎಂದೂ ಹೇಳುವುದಿಲ್ಲ ಎಂಬುದು ಅವನ ನಿಲುವು. ಅದಕ್ಕೆ ಹಳೆಯ ಆಧಾರವೂ ಇತ್ತು: ಲೋಕಕ್ಕೆ ಆರಂಭವಿತ್ತೇ ಎಂಬುದನ್ನು ಬರೀ ತರ್ಕದಿಂದ ತೀರ್ಮಾನಿಸಲಾಗದು, ಲೋಕ ಅನಾದಿಯಾಗಿದ್ದರೂ ತನ್ನ ಇರುವಿಕೆಗೆ ದೇವರನ್ನೇ ಅವಲಂಬಿಸುತ್ತಿತ್ತು ಎಂದು ಥಾಮಸ್ ಅಕ್ವಿನಾಸ್ 13ನೇ ಶತಮಾನದಲ್ಲಿ ವಾದಿಸಿದ್ದ. ಸೃಷ್ಟಿ ಎಂದರೆ ಎಂದೋ ಮುಗಿದ ಮೊದಲ ಕ್ಷಣವಲ್ಲ, ಈ ಕ್ಷಣವೂ ಇರುವ ಅವಲಂಬನೆ. ಹಾಗೆ ಹಿಡಿದರೆ ನಾಳೆ ಮಹಾಸ್ಫೋಟದ ಮುಂಚೆಯೂ ಏನೋ ಇತ್ತು ಎಂದಾದರೆ ವಿಶ್ವಾಸ ಅಲುಗಬೇಕಿಲ್ಲ.

ಪ್ರಾರ್ಥನೆಯನ್ನೂ ಅಳೆಯಲು ಹೋದವರಿದ್ದಾರೆ. ಅಮೆರಿಕದ ಆರು ಆಸ್ಪತ್ರೆಗಳಲ್ಲಿ ಬೈಪಾಸ್ ಶಸ್ತ್ರಚಿಕಿತ್ಸೆಯ 1,802 ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗೊತ್ತಿಲ್ಲದಂತೆ ಪ್ರಾರ್ಥನೆ ಪಡೆದವರಲ್ಲಿ 52%, ಪಡೆಯದವರಲ್ಲಿ 51%, ತಮಗಾಗಿ ಪ್ರಾರ್ಥಿಸುತ್ತಿದ್ದಾರೆ ಎಂದು ಗೊತ್ತಿದ್ದವರಲ್ಲಿ 59% ಜನರಿಗೆ ತೊಡಕುಗಳಾದವು. ಪ್ರಾರ್ಥನೆ ಎಂದರೆ ಗುಂಡಿ ಒತ್ತುವುದು ಎಂದು ಬೋಧಿಸುವವರಿಗೆ ಇದು ನೇರ ಉತ್ತರ. ಬೇಡಿಕೆಯನ್ನು ಒಬ್ಬ ವ್ಯಕ್ತಿಯ ಮುಂದಿಡುವುದು ಎಂದು ತಿಳಿದವರಿಗೆ ಇದರಿಂದ ಸಾಬೀತಾಗುವುದು ಕಡಿಮೆ.

ಅದ್ಭುತಗಳ ಬಗ್ಗೆ ಸಹಪಾಠಿಗಳಿಗೆ ಒಂದು ಮಾತು ಹೇಳಿ. ಸತ್ತವರು ತಾವಾಗಿ ಏಳುವುದಿಲ್ಲ ಎಂಬುದು ಮೊದಲ ಶತಮಾನದವರಿಗೂ ಗೊತ್ತಿತ್ತು. ಆದ್ದರಿಂದಲೇ ಯೇಸು ಎದ್ದ ಎಂಬುದು ಸುದ್ದಿಯಾಯಿತು. ಅದು ನಡೆಯಿತೇ ಎಂಬುದು ಪ್ರಯೋಗಾಲಯದ ಪ್ರಶ್ನೆಯಲ್ಲ, ಸಾಕ್ಷಿಗಳ ಪ್ರಶ್ನೆ. ಆದರೆ ಇಂದು ಯಾರಾದರೂ ಗುಣವಾಯಿತು ಎಂದರೆ ಪರೀಕ್ಷಿಸಲೇಬೇಕು. ಫ್ರಾನ್ಸಿನ ಕ್ಯಾಥೊಲಿಕ್ ಯಾತ್ರಾಸ್ಥಳ ಲೂರ್ದ್‌ನಲ್ಲಿ 1883ರಿಂದ ವೈದ್ಯರ ಕಚೇರಿಯೇ ಇದೆ. ರೋಗ ಗಂಭೀರವಾಗಿತ್ತೇ, ಮೊದಲೇ ದಾಖಲಾಗಿತ್ತೇ, ತಟ್ಟನೆ ಪೂರ್ತಿ ವಾಸಿಯಾಯಿತೇ, ಚಿಕಿತ್ಸೆಯಿಂದ ಆದದ್ದಲ್ಲವೇ, ವರ್ಷಗಳ ನಂತರವೂ ಮರಳಲಿಲ್ಲವೇ ಎಂದು ನೋಡುತ್ತಾರೆ. ಸಾವಿರಾರು ಹೇಳಿಕೆಗಳಲ್ಲಿ ಚರ್ಚ್ ಒಪ್ಪಿದ್ದು ಎಪ್ಪತ್ತರ ಆಸುಪಾಸು ಮಾತ್ರ. ಈ ಕಟ್ಟುನಿಟ್ಟು ನನಗೆ ಮೆಚ್ಚುಗೆ. ವೇದಿಕೆಯ ಮೇಲೆ ಗುಣವಾಯಿತು ಎಂದು ಕೂಗಿಸಿ ಮಾತ್ರೆ ನಿಲ್ಲಿಸಲು ಹೇಳುವವರು ಜೀವ ತೆಗೆಯುತ್ತಾರೆ.

ಸಭೆಯಲ್ಲಿ ಮಾತಾಡುವಾಗ ವಿಕಾಸವಾದ ಸರಿಯೋ ತಪ್ಪೋ ಎಂದು ಶುರು ಮಾಡಬೇಡಿ, ಅದು ಜಗಳದಲ್ಲೇ ಮುಗಿಯುತ್ತದೆ. ನಿಮ್ಮ ಪಾಸ್ಟರ್ ಬಳಿ ಒಬ್ಬರೇ ಹೋಗಿ, ರೋಮಾಪುರದವರಿಗೆ ಬರೆದ ಪತ್ರದ 5ನೇ ಅಧ್ಯಾಯ ತೆರೆದು, 12ನೇ ವಚನದ ಮರಣ ದೇಹದ ಸಾವೋ ದೇವರಿಂದ ಅಗಲಿಕೆಯೋ, ಅದು ಪ್ರಾಣಿಗಳಿಗೂ ಸೇರುತ್ತದೋ ಮನುಷ್ಯರಿಗೆ ಮಾತ್ರವೋ ಎಂದು ಕೇಳಿ. ಅವರಿಗಿರುವ ಆತಂಕದ ಬೇರು ಬಹುತೇಕ ಅಲ್ಲಿರುತ್ತದೆ, ಮತ್ತು ಅದು ಗಂಭೀರವಾದ ಆತಂಕ.